ಹೊರಗೆ ನಿಂತ ಹಿರಿಯ ಮಗ

ತಪ್ಪಿ ನಡೆದ ಮಗನನ್ನು ತಂದೆಯು ಕ್ಷಮಿಸುವನೆಂಬುದು ಲೋಕವೆಲ್ಲ ಬಲ್ಲ ಮಾತು. ತಪ್ಪದೆ ನಡೆದ ಮಗನಿಗೂ ತಂದೆಯ ಕರುಣೆ ಬೇಕಾಗುವುದೆಂಬುದು ಅಷ್ಟು ಸುಲಭವಾಗಿ ಬುದ್ಧಿಗೆ ಹತ್ತದು. ಕ್ರೈಸ್ತರ ಧರ್ಮಗ್ರಂಥದಲ್ಲಿ ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯವು ಈ ಎರಡನ್ನೂ ಒಂದೇ ಕಥೆಯಲ್ಲಿ ಹೇಳಿರುವುದು.

ಯೇಸುವು ಸುಂಕದವರೊಡನೆಯೂ ಪಾಪಿಗಳೊಡನೆಯೂ ಕುಳಿತು ಉಣ್ಣುವನೆಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದರು. ಅದಕ್ಕುತ್ತರವಾಗಿ ಆತನು ಮೂರು ದೃಷ್ಟಾಂತಗಳನ್ನು ಹೇಳಿದನು: ೧೦೦ ಕುರಿಗಳಲ್ಲಿ ತಪ್ಪಿಹೋದ ಒಂದು, ೧೦ ನಾಣ್ಯಗಳಲ್ಲಿ ಮನೆಯೊಳಗೇ ಕಳೆದ ಒಂದು, ೨ ಗಂಡುಮಕ್ಕಳಲ್ಲಿ ದೂರದೇಶಕ್ಕೆ ಹೋದ ಕಿರಿಯವನು.

ಕಿರಿಯವನ ಕಥೆ ಪ್ರಸಿದ್ಧವಾದುದು. ತಂದೆಯು ಬದುಕಿರುವಾಗಲೇ ಪಾಲನ್ನು ಕೇಳಿ ಪಡೆದು, ದುಂದುಮಾಡಿ, ಬರಗಾಲದಲ್ಲಿ ಹಂದಿ ಮೇಯಿಸುವ ಕೆಲಸಕ್ಕೆ ನಿಂತನು. ಹಂದಿಯನ್ನು ಅಶುದ್ಧವೆಂದೆಣಿಸುವ ಯೆಹೂದ್ಯನಿಗೆ ಅದಕ್ಕಿಂತ ಹೀನವಾದ ಗತಿ ಯಾವುದು? ತನ್ನನ್ನು ಕೂಲಿಯಾಳಾಗಿಯಾದರೂ ಇರಿಸಿಕೊಳ್ಳಬೇಕೆಂದು ಬೇಡುವ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಅವನು ಮನೆಗೆ ಮರಳಿದನು. ಇನ್ನೂ ದೂರದಲ್ಲಿರುವಾಗಲೇ ತಂದೆಯು ಕಂಡು, ಓಡಿಹೋಗಿ ಅಪ್ಪಿಕೊಂಡನು. ಇಲ್ಲಿ ಕನಿಕರಕ್ಕೆ ಬಳಸಿದ ಗ್ರೀಕ್ ಕ್ರಿಯಾಪದವು ಕರುಳೆಂಬ ಅರ್ಥದ ಶಬ್ದದಿಂದಲೇ ಹುಟ್ಟಿದುದು. ಕರುಳು ಕರಗಿತೆನ್ನುವ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೂಲಿಯ ಮಾತು ಮಗನ ಬಾಯಿಂದ ಹೊರಡುವ ಮೊದಲೇ ನಿಲುವಂಗಿಗೂ ಉಂಗುರಕ್ಕೂ ಕೆರಗಳಿಗೂ ಅಪ್ಪಣೆಯಾಯಿತು.

ಪ್ರಪತ್ತಿಯನ್ನು ಕುರಿತು ಶ್ರೀವೈಷ್ಣವರು ಎರಡು ನ್ಯಾಯಗಳನ್ನು ಹೇಳುವುದುಂಟು. ಕೋತಿಯ ಮರಿಯು ತಾನೇ ತಾಯಿಯನ್ನು ಬಿಗಿದಪ್ಪಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುವುದು. ಹೆಗಲಮೇಲೆ ಹೊತ್ತು ತಂದ ಕುರಿಯ ಕಥೆ ಬೆಕ್ಕಿನ ಮರಿಯ ನ್ಯಾಯಕ್ಕೆ ಹೊಂದುವುದು. ಮಗನಾದರೋ ತನ್ನ ಕಾಲಿಂದಲೇ ನಡೆದು ಬಂದನು. ಆದರೆ ಅವನು ಹಾರೈಸಿ ಬಂದುದು ಕೂಲಿಯನ್ನು, ದೊರೆತುದು ಪುತ್ರತ್ವ. ನಡಿಗೆಯು ಅವನದಾದರೂ ಆ ಪದವಿಯು ತಂದೆಯ ಓಟದಿಂದ ಬಂದುದು.

ಅಷ್ಟರಲ್ಲಿ ಹಿರಿಯ ಮಗನು ಹೊಲದಿಂದ ಬಂದು, ವಾದ್ಯದ ಧ್ವನಿಯನ್ನು ಕೇಳಿ, ಕಾರಣವನ್ನು ತಿಳಿದು, ಕೋಪದಿಂದ ಹೊರಗೇ ನಿಂತನು. ಇಷ್ಟು ವರ್ಷ ದುಡಿದರೂ ತನಗೆ ಒಂದು ಆಡಿನ ಮರಿಯೂ ದೊರೆಯಲಿಲ್ಲವೆಂದು ಅವನ ದೂರು. ದುಡಿದುದು ಸುಳ್ಳಲ್ಲ. ಆದರೆ ಅವನು ಬಂದವನನ್ನು ತಂದೆಯ ಮಗನೆಂದು ಕರೆದನೇ ಹೊರತು ತನ್ನ ತಮ್ಮನೆನ್ನಲಿಲ್ಲ. ಆ ಸಂಬಂಧವನ್ನು ತಂದೆಯೇ ನೆನಪಿಗೆ ತರಬೇಕಾಯಿತು. ತಮ್ಮನು ಕೂಲಿಯಾಳಾಗಲು ಬಯಸಿ ಬಂದನು; ಅಣ್ಣನು ಮನೆಯಲ್ಲಿದ್ದೇ ಕೂಲಿಯವನಂತೆ ಲೆಕ್ಕವಿಟ್ಟನು. ಮನೆಯೊಳಗೇ ಕಳೆದ ನಾಣ್ಯದ ಕಥೆಯ ಮರ್ಮವು ಇಲ್ಲಿ ತಿಳಿಯುವುದು.

ಸ್ನಾನ ಜಪಗಳನ್ನು ಬಿಡದೆ, ಸಾಲಮಾಡದೆ, ಹಿರಿಯರ ಮನೆಯನ್ನು ಕಾದುಕೊಂಡ ಅಣ್ಣಂದಿರು ಯಾವ ಊರಿನಲ್ಲಿಲ್ಲ? ಪಾಲನ್ನು ಮಾರಿ ಹೋದ ತಮ್ಮನು ಮುಪ್ಪಿನಲ್ಲಿ ಬಾಗಿಲಿಗೆ ಬಂದಾಗ, ಅಂಥವರ ನಾಲಗೆಯ ಮೇಲೆ ಮೊದಲು ನಿಲ್ಲುವುದು ಹಳೆಯ ಲೆಕ್ಕವೇ.

ಹಬ್ಬದೂಟವನ್ನು ಬಿಟ್ಟು ಹಿರಿಯವನಿಗಾಗಿಯೂ ತಂದೆಯು ಹೊರಗೆ ಬಂದು ಬೇಡಿಕೊಂಡನು. ಅವನು ಒಳಗೆ ಹೋದನೋ ಇಲ್ಲವೋ ಲೂಕನು ಬರೆದಿಲ್ಲ. ಉತ್ತರವು ಗೊಣಗಿದವರಿಂದ ಬರಬೇಕಾಗಿತ್ತು. ಓದುವ ಪ್ರತಿಯೊಬ್ಬ ಹಿರಿಯ ಮಗನಿಂದಲೂ ಬರಬೇಕಾಗಿದೆ.