ಮುಳ್ಳಿನ ತೂಕ, ಅಂಕಿತದ ಸಕಾರ



ವಚನಗಾಯನದ ಹಳೆಯ ಎಲ್.ಪಿ. ತಟ್ಟೆಗಳನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದವರು ಹೇಳುವ ದೂರು ಒಂದುಂಟು. ಮಗ್ಗುಲಿನ ಮೊದಲ ವಚನ ಸ್ವಚ್ಛವಾಗಿ ಕೇಳುತ್ತದೆ; ಕೊನೆಯದಕ್ಕೆ ಬರುವ ಹೊತ್ತಿಗೆ ಸಕಾರ ಶಕಾರಗಳು ಹರಿದುಹೋಗುತ್ತವೆ. ವಚನಕಾರರ ಅಂಕಿತ ಬರುವುದು ವಚನದ ಕಡೆಯಲ್ಲಿ. ಆದುದರಿಂದ ಮಗ್ಗುಲಿನ ಕಟ್ಟಕಡೆಯ ಅಂಕಿತ ಬೀಳುವುದು ತಟ್ಟೆಯ ಅತ್ಯಂತ ಒಳಗಿನ ಗೆರೆಗಳಲ್ಲಿ. ‘ಕೂಡಲಸಂಗಮದೇವ’ ಎಂಬಲ್ಲಿನ ಸಕಾರವೂ ‘ಗುಹೇಶ್ವರ’ ಎಂಬಲ್ಲಿನ ಶಕಾರವೂ ಕರಕರ ಎಂದರೆ ವಚನ ಯಾರದೆಂಬುದೇ ಮಸುಕಾದಂತೆ.

ಇದಕ್ಕೆ ಕಾರಣವಿದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು ಸರಿಯುತ್ತದೆ. ಒಳಗಿನ ಕೊನೆಯಲ್ಲಿ ಸುಮಾರು 21 ಮಾತ್ರ. ಅದೇ ನಾದವನ್ನು ಅಷ್ಟು ಇಕ್ಕಟ್ಟಿನಲ್ಲಿ ಕೊರೆಯಬೇಕಾಗುತ್ತದೆ. ಅಲ್ಲಿ ಮುಳ್ಳಿನ ಕೋನ ತುಸು ತಪ್ಪಿದರೂ ಕಿವಿಗೆ ತಿಳಿಯುತ್ತದೆ.

ವಯೋವೃದ್ಧ ಶರಣೆಯೊಬ್ಬರು ತಮ್ಮ ಯಜಮಾನರು ಕೊಂಡಿದ್ದ ತಟ್ಟೆಯೊಂದನ್ನು ಗಣಕಯಂತ್ರಕ್ಕೆ ಇಳಿಸಿಕೊಡಲು ನನ್ನ ಕೈಗೊಪ್ಪಿಸಿದರು. ಅವರಲ್ಲಿ ಇನ್ನೊಂದು ಪ್ರತಿ ಇಲ್ಲ. ನಮ್ಮಲ್ಲಿದ್ದುದು ಟೆಕ್ನಿಕ್ಸ್ ಎಸ್.ಎಲ್.-1200 ಎಂ.ಕೆ.2, 1979ರಲ್ಲಿ ಹೊರಬಂದ ಮಾದರಿ. ಅದರಲ್ಲಿದ್ದ ಶೂರ್ ಎಂ44-7 ಕಾರ್ಟ್ರಿಜ್ಜಿನ ಮುಳ್ಳು ಸವೆದಿತ್ತು. ಶೂರ್ ಸಂಸ್ಥೆ 2018ರಲ್ಲಿಯೇ ಕಾರ್ಟ್ರಿಜ್ ತಯಾರಿಕೆಯನ್ನು ನಿಲ್ಲಿಸಿದೆ. ಆದ್ದರಿಂದ ಡೆನ್ಮಾರ್ಕಿನ ಆರ್ಟೊಫೋನ್ 2ಎಂ ಬ್ಲೂ ತರಿಸಿದೆವು. ಹಳೆಯದರ ತುದಿ ಗುಂಡಗೆ, ಇದರದು ಅಂಡಾಕಾರ. ಇಕ್ಕಟ್ಟಿನ ಗೆರೆಯನ್ನು ಇದು ಹೆಚ್ಚು ಚೆನ್ನಾಗಿ ಓದಬಲ್ಲುದು. ಮಾರಿದವರು ‘ಹಳೆಯದನ್ನು ಬಿಚ್ಚಿ ಇದನ್ನು ಸಿಕ್ಕಿಸಿರಿ, ಅಷ್ಟೇ’ ಎಂದರು. ಆ ಮಾತನ್ನು ನಾನು ಒಪ್ಪಲಿಲ್ಲ. ಕಾರ್ಟ್ರಿಜ್ ಬದಲಾದರೆ ತೂಕ, ಎತ್ತರ, ಮುಳ್ಳಿನ ಸ್ಥಾನ ಎಲ್ಲವೂ ಬದಲಾಗುತ್ತವೆ. ಟೋನ್‌ಆರ್ಮನ್ನು ಮೊದಲಿನಿಂದ ಹೊಂದಿಸಲೇಬೇಕು.

ನಾಲ್ಕು ತಂತಿಗಳ ಕೆಲಸ ಸುಲಭ: ಬಿಳಿ ನೀಲಿ ಎಡಕ್ಕೆ, ಕೆಂಪು ಹಸಿರು ಬಲಕ್ಕೆ. ಅನಂತರದ್ದು ಮುಳ್ಳಿನ ಸ್ಥಾನ. ತಟ್ಟೆಯನ್ನು ಕೊರೆಯುವ ಯಂತ್ರ ನೇರ ರೇಖೆಯಲ್ಲಿ ಒಳಕ್ಕೆ ಸರಿಯುತ್ತದೆ. ನುಡಿಸುವ ತೋಳಾದರೋ ಒಂದು ತುದಿಯಲ್ಲಿ ಕೀಲಿಟ್ಟುಕೊಂಡು ಕಮಾನಿನಂತೆ ಬಾಗಿ ಸಾಗುತ್ತದೆ. ಎರಡೂ ಎಲ್ಲೆಡೆ ಹೊಂದವು. ತಲೆಯನ್ನು ಓರೆಯಾಗಿಸಿ, ಮುಳ್ಳನ್ನು ತಟ್ಟೆಯ ನಡುಗೂಟದಿಂದ ಸ್ವಲ್ಪ ಆಚೆ ಚಾಚಿದರೆ ಎರಡು ಕಡೆ ಕೋನದೋಷ ಸೊನ್ನೆಯಾಗುತ್ತದೆ. 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್ವಾಲ್ಡ್ ಇದರ ಗಣಿತವನ್ನು ಬರೆದಿಟ್ಟರು. ಇಂದು ಬಳಕೆಯಲ್ಲಿರುವ ಬೇರ್ವಾಲ್ಡ್ ಅಳತೆಪಟ್ಟಿಗಳಲ್ಲಿ ಆ ಸ್ಥಾನಗಳು ನಡುವಿನಿಂದ ಸುಮಾರು 66 ಮತ್ತು 121 ಮಿಲಿಮೀಟರಿನಲ್ಲಿವೆ. ಟೆಕ್ನಿಕ್ಸ್‌ನವರು ಹೇಳುವ ಚಾಚು 15 ಮಿಲಿಮೀಟರು. ಹೆಡ್‌ಶೆಲ್ ಬುಡದಿಂದ ಮುಳ್ಳಿಗೆ 52. ನಾನು ಆರಿಸಿಕೊಂಡದ್ದು ಅಳತೆಪಟ್ಟಿಯನ್ನು, ಏಕೆಂದರೆ 66ರ ಗುರುತು ಅಂಕಿತ ಬೀಳುವ ಗೆರೆಗಳಿಗೆ ಹತ್ತಿರ. ಕೂದಲೆಳೆಯಷ್ಟು ಸರಿಸುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಸರಿಸುವುದು! ಇದಕ್ಕೇ ಒಂದು ಸಂಜೆ ಹಿಡಿಯಿತು.

ತೂಕದ ವಿಷಯದಲ್ಲಿ ಒಂದು ತಪ್ಪುಕಲ್ಪನೆ ಬಲವಾಗಿದೆ. ಹಗುರವಾದಷ್ಟೂ ತಟ್ಟೆಗೆ ಕ್ಷೇಮ ಎಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ತೀರ ಹಗುರವಾದ ಮುಳ್ಳು ಗೆರೆಯಲ್ಲಿ ನಿಲ್ಲದೆ ಕುಪ್ಪಳಿಸಿ ಅದರ ಗೋಡೆಗಳನ್ನು ಕಚ್ಚುತ್ತದೆ; ತುಸು ಭಾರವಾದುದಕ್ಕಿಂತ ಇದರ ಹಾನಿಯೇ ಹೆಚ್ಚು. ಈ ಕಾರ್ಟ್ರಿಜ್ಜಿಗೆ ತಯಾರಕರು ಹೇಳಿದ್ದು 1.8 ಗ್ರಾಂ. ಆಂಟಿ-ಸ್ಕೇಟಿಂಗ್ ಗುಂಡಿಯನ್ನು ಸೊನ್ನೆಗೆ ತಂದು, ತೋಳು ಅತ್ತಿತ್ತ ವಾಲದೆ ಗಾಳಿಯಲ್ಲಿ ತೇಲುವಂತೆ ಹಿಂಬದಿಯ ಗುಂಡನ್ನು ತಿರುಗಿಸಬೇಕು. ಆಗ ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತಂದು, ಗುಂಡು ಬಳೆ ಎರಡನ್ನೂ ಕೂಡಿಸಿ 1.8ರವರೆಗೆ ತಿರುಗಿಸುವುದು. ಬಳೆ 1.8 ಎಂದಾಗ ನನ್ನ ಪುಟ್ಟ ತಕ್ಕಡಿ 1.7 ತೋರಿಸಿತು. ನಾನು ತಕ್ಕಡಿಯನ್ನೇ ನಂಬಿ ಸರಿಪಡಿಸಿದೆ.

ಹೊಸ ಕಾರ್ಟ್ರಿಜ್ಜಿನ ಎತ್ತರಕ್ಕೆ ತಕ್ಕಂತೆ ತೋಳಿನ ಬುಡದ ಬಳೆಯನ್ನು ತಿರುಗಿಸಿ, ಮುಳ್ಳು ತಟ್ಟೆಯ ಮೇಲಿರುವಾಗ ತೋಳು ಅದಕ್ಕೆ ಸಮಾನಾಂತರವಾಗುವಂತೆ ಮಾಡಿದೆ. ಬಾಗಿದ ತೋಳನ್ನು ಗೆರೆಯ ಉಜ್ಜುವಿಕೆ ಸದಾ ಒಳಕ್ಕೆ ಸೆಳೆಯುತ್ತಿರುತ್ತದೆ. ಅದನ್ನು ತಡೆಯುವ ಆಂಟಿ-ಸ್ಕೇಟಿಂಗನ್ನೂ 1.8ಕ್ಕೇ ಇಟ್ಟೆ.

ಮೂರು ದಿನ ಮೂಲೆಗೆ ಬಿದ್ದಿದ್ದ ಗೀರುಬಿದ್ದ ತಟ್ಟೆಗಳ ಮೇಲೆ ನುಡಿಸಿ ನೋಡಿ, ನಾಲ್ಕನೆಯ ದಿನ ಶರಣೆಯವರ ತಟ್ಟೆಯನ್ನು ಇಟ್ಟೆವು. ಅವರೂ ಬಂದಿದ್ದರು. ಒಳಗಿನ ಗೆರೆಗಳಿಗೆ ಬಂದಾಗ ಅಂಕಿತದ ಸಕಾರ ಸಕಾರವಾಗಿಯೇ ಕೇಳಿತು. ಹಿನ್ನೆಲೆಯ ಚಿಟಪಟ ಹಾಗೆಯೇ ಉಳಿದಿತ್ತು. ಹಿಂದೆ ಸವೆದ ಮುಳ್ಳುಗಳು ತಿಂದುದನ್ನು ಯಾವ ಹೊಂದಾಣಿಕೆಯೂ ಮರಳಿ ಕೊಡಲಾರದು. ಅದನ್ನು ಗಣಕಯಂತ್ರದಲ್ಲಿ ಅಳಿಸಲೇ ಎಂದು ಕೇಳಿದೆ. ‘ಬ್ಯಾಡ್ರೀ, ಅದು ನಮ್ಮ ಮನಿಯವರು ದಿನಾ ಹಚ್ಚಿದ್ದರ ಸದ್ದು’ ಎಂದರು ಅಮ್ಮನವರು. ಹಾಗೆಯೇ ಇಳಿಸಿಕೊಂಡಿದ್ದೇನೆ. ಎರಡನೆಯ ಮಗ್ಗುಲನ್ನು ಧೂಳು ತೊಳೆದ ಮೇಲೆ ಎತ್ತಿಕೊಳ್ಳಬೇಕು.