ಮುಂದಿನ ಗಾಲಿ

2023ರ ಜೂನ್. ಆ ವರ್ಷ ಮಳೆ ತಡವಾಗಿತ್ತು. ಅಪ್ಪನ ಕಣ್ಣಿನ ಪೊರೆ ಆಪರೇಷನ್ ಮುಗಿಸಿಕೊಂಡು ಧಾರವಾಡದಿಂದ ಪುಣೆಗೆ ವಾಪಸ್ ಹೊರಟಿದ್ದೆ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ, ಎಲ್ಲ ಕಡೆ ಒಣ ರಸ್ತೆ. ಖಂಬಾಟ್ಕಿ ಬೋಗದೆಯೊಳಗೆ ಹೊಕ್ಕಾಗಲೂ ಒಣಗೇ ಇತ್ತು. ಆಚೆ ಬಂದರೆ ಮಳೆ! ಅದೂ ಮೊದಲ ಮಳೆ. ತಿಂಗಳುಗಟ್ಟಲೆ ಲಾರಿಗಳು ಸೋರಿಸಿದ ಎಣ್ಣೆಯೆಲ್ಲ ಮೇಲಕ್ಕೆ ತೇಲಿ ಬರುವ ಮಳೆ.

ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಆಗ ಬೋಗದೆ ದಾಟಿದ ಮೇಲೆ ಇಳಿಜಾರಿನಲ್ಲಿ ಎಸ್ ಆಕಾರದ ತಿರುವು ಇತ್ತು. ನಾನೇನೂ ಜೋರಾಗಿ ಬರುತ್ತಿರಲಿಲ್ಲ. ಗಾಡಿಯನ್ನು ಸ್ವಲ್ಪ ವಾಲಿಸಿದೆ, ಹ್ಯಾಂಡಲ್ ಕೈಯಲ್ಲಿ ಹಗುರವಾಯಿತು. ಮುಂದಿನ ಗಾಲಿ ಒಂದು ಗೇಣು ಹೊರಕ್ಕೆ ಸರಿಯಿತು, ಆಮೇಲೆ ಹಿಂದಿನದೂ ಅಲುಗಿತು. ಹೇಗೋ ತಾನೇ ಹಿಡಿದುಕೊಂಡಿತು. ನನ್ನ ಹಿಂದೆ ಒಂದು ಟ್ಯಾಂಕರ್ ಇತ್ತು. ಅದರ ಹಾರ್ನು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಮನೆಯಲ್ಲಿ ಹೇಳಲಿಲ್ಲ. ನಲವತ್ತರ ಹತ್ತಿರ ಬಂದ ಗಂಡ ಆರ್‌ಸಿ 390 ಓಡಿಸುವುದರ ಬಗ್ಗೆ ನಮ್ಮ ಮನೆಯಲ್ಲಿ ಮೊದಲೇ ಒಂದು ಅಭಿಪ್ರಾಯ ಇದೆ. ಇಲ್ಲೇ ಚಾಕಣದಲ್ಲಿ ತಯಾರಾಗುವ ಗಾಡಿ ಅದು. 2017ರಲ್ಲಿ ಬೋನಸ್ ಬಂದಾಗ ತಗೊಂಡಿದ್ದೆ. ಮಗಳು ಹುಟ್ಟಿದ ಮೇಲೆ ಓಡಾಟ ಕಡಿಮೆಯಾಯಿತು. ದಿನಾ ಹಿಂಜೆವಾಡಿಯ ಟ್ರಾಫಿಕ್ಕು, ವರ್ಷಕ್ಕೆ ಎರಡು ಮೂರು ಸಲ ಊರು, ಇಷ್ಟೇ.

ಮರುದಿನ ಕೂತು ನೋಡಿದೆ. ಹಿಂದಿನ ಟೈರಿನ ನಡು ಚಪಾತಿ ಲಟ್ಟಿಸಿದಂತೆ ಚಪ್ಪಟೆಯಾಗಿತ್ತು. ಹೈವೇಯಲ್ಲಿ ನೆಟ್ಟಗೆ ಓಡಿಸಿದವರ ಟೈರೆಲ್ಲ ಹೀಗೇ: ನಡು ಸವೆಯುತ್ತದೆ, ಅಂಚು ಹಾಗೇ ಉಳಿಯುತ್ತದೆ, ಗುಂಡಗಿರಬೇಕಾದದ್ದು ಚೌಕವಾಗುತ್ತದೆ. ಆಮೇಲೆ ತಿರುವಿನಲ್ಲಿ ಗಾಡಿ ನಯವಾಗಿ ವಾಲುವುದಿಲ್ಲ, ಮೊದಲು ತಡೆಯುತ್ತದೆ, ಆಮೇಲೆ ಧೊಪ್ಪನೆ ಬೀಳುತ್ತದೆ. ಮುಂದಿನದರಲ್ಲಿ ಗೆರೆಗಳು ಇನ್ನೂ ಚೆನ್ನಾಗಿದ್ದವು. ಹಾಗಾಗಿ ಹಿಂದಿನದೊಂದೇ ಸಾಕು ಅಂತ ಲೆಕ್ಕ ಹಾಕಿದೆ. ಜೂನ್ ಅಂದರೆ ಸ್ಕೂಲ್ ಫೀಸಿನ ತಿಂಗಳೂ ಹೌದಲ್ಲ.

ಶನಿವಾರ ನಾನಾ ಪೇಠಕ್ಕೆ ಹೋದೆ. ಅಳತೆ 150/60 ಝಡ್‌ಆರ್ 17, ಅದರ ಪಕ್ಕದಲ್ಲಿ 66ಡಬ್ಲ್ಯೂ. ಈ 66 ಅಂದರೆ ಆ ಟೈರು ಹೊರಬಲ್ಲ ಭಾರ, 300 ಕೆಜಿ. ಡಬ್ಲ್ಯೂ ಅಂದರೆ ತಡೆದುಕೊಳ್ಳಬಲ್ಲ ವೇಗ, ಗಂಟೆಗೆ 270 ಕಿ.ಮೀ. ನನ್ನ ಗಾಡಿ ಅಷ್ಟೆಲ್ಲ ಓಡುವುದಿಲ್ಲ, ನಾನಂತೂ ಓಡಿಸುವುದೇ ಇಲ್ಲ. ಆದರೂ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ದರ್ಜೆಗೆ ಇಳಿಯಬಾರದು ಅನ್ನುವುದು ತಿಳಿದಿತ್ತು.

ಮೊದಲ ಅಂಗಡಿಯವನು 160ರ ಟೈರು ಹೊರಗೆ ತಂದಿಟ್ಟ. ಹಿಂದಿನಿಂದ ನೋಡಿದರೆ ದೊಡ್ಡ ಗಾಡಿಯ ಹಾಗೆ ಕಾಣುತ್ತದೆ ಅಂದ. ನಿಜ, ಕಾಣುತ್ತದೆ. ಆದರೆ ನನ್ನ ರಿಮ್ಮಿನ ಅಗಲ ನಾಲ್ಕೇ ಇಂಚು. ಅದರಲ್ಲಿ ಅಗಲದ ಟೈರು ತುರುಕಿದರೆ ಎರಡೂ ಬದಿ ಒಳಕ್ಕೆ ಒತ್ತಿಕೊಂಡು ನಡು ಗೋಪುರದ ಹಾಗೆ ಏಳುತ್ತದೆ. ಕಾಣುವುದಕ್ಕೆ ದಪ್ಪ, ನೆಲಕ್ಕೆ ತಾಗುವುದು ಕಡಿಮೆ. ಬೇಡ ಅಂದೆ. ಆಗ ಸರಿಯಾದ ಅಳತೆಯದನ್ನೇ ತಂದ. ಬದಿಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಇದರ ಮೇಲೆ 0719 ಅಂತಿತ್ತು. ಅಂದರೆ 2019ರ ಏಳನೇ ವಾರದ ಮಾಲು, ತಗಡಿನ ಮಾಡಿನ ಕೆಳಗೆ ಐದು ಬೇಸಿಗೆ ಕಳೆದದ್ದು. ಕೇಳಿದರೆ ನಗುತ್ತಾ, "ರಬ್ಬರ್ ಆಹೇ ಸಾಹೇಬ್, ದೂಧ್ ನಾಹೀ" ಅಂದ. ರಬ್ಬರು ಸ್ವಾಮಿ, ಹಾಲಲ್ಲ ಕೆಡೋಕೆ ಅಂತ. ಮಾತು ಚೆನ್ನಾಗಿತ್ತು, ಟೈರು ಬೇಡವಾಗಿತ್ತು.

ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಕಣ್ಣಿನ ಔಷಧಿ ಹಾಕಿಕೊಂಡರೋ ಇಲ್ಲವೋ ವಿಚಾರಿಸಲು ಮಾಡಿದ್ದು. ಅಪ್ಪ ಹುಬ್ಬಳ್ಳಿ ಬಸ್ ಡಿಪೋದ ಟೈರ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮಾತು ಅದೂ ಇದೂ ಆಗಿ ಟೈರಿಗೆ ಬಂತು, ಜಾರಿದ್ದೂ ಬಾಯಿಂದ ಬಿತ್ತು. ಬೈಯುತ್ತಾರೆ ಅಂದುಕೊಂಡೆ. ಕಪ್ಪು ಕನ್ನಡಕ ತೆಗೆದು ಕೇಳಿದ್ದು ಒಂದೇ ಪ್ರಶ್ನೆ.

"ಮೊದಲ ಯಾವ ಗಾಲಿ ಸರೀತು?"

"ಮುಂದಿಂದು."

"ಹಂಗಾರ ಹಿಂದಿಂದು ಯಾಕ ಬದಲಿ ಮಾಡಾಕತ್ತೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗ್ರಿಪ್ ಇನ್ನೂ ಇದೆ ಅಂದೆ. "ಗೆರಿ ನೋಡಬ್ಯಾಡ. ಕೆಳಗ ಹೋಗಿ ಅದಕ್ಕ ಉಗುರು ಚುಚ್ಚು" ಅಂದರು. ಫೋನ್ ಹಿಡಿದೇ ಪಾರ್ಕಿಂಗಿಗೆ ಇಳಿದೆ. ಹಿಂದಿನ ಟೈರಿಗೆ ಉಗುರು ಒತ್ತಿದರೆ ಗುರುತು ಮೂಡಿತು. ಮುಂದಿನದಕ್ಕೆ ಒತ್ತಿದರೆ ಉಗುರೇ ಬಾಗಿತು. ಟಾರ್ಚ್ ಬಿಟ್ಟು ನೋಡಿದಾಗ ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳೂ ಕಂಡವು. ಹಿಂದಿನದನ್ನು 2020ರಲ್ಲಿ ಒಮ್ಮೆ ಬದಲಿಸಿದ್ದೆ. ಮುಂದಿನದು ಗಾಡಿಯ ಜೊತೆಗೇ ಬಂದದ್ದು, ಅಂಕಿಯೂ ಅದನ್ನೇ ಹೇಳುತ್ತಿತ್ತು: 1117. ಆರು ವರ್ಷದ ಬಿಸಿಲು. ಗೆರೆ ಇದ್ದರೂ ರಬ್ಬರು ಸತ್ತಿತ್ತು, ಒದ್ದೆ ಡಾಂಬರನ್ನು ಹಿಡಿಯುವಷ್ಟು ಮೆತ್ತಗೆ ಅದು ಉಳಿದಿರಲಿಲ್ಲ.

ಅವರ ಡಿಪೋದಲ್ಲಿ ಸವೆದ ಟೈರಿಗೆ ಹೊಸ ರಬ್ಬರು ಹಚ್ಚಿ ರಿಟ್ರೆಡ್ ಮಾಡುತ್ತಿದ್ದರು. ಅಂಥದ್ದನ್ನು ಬಸ್ಸಿನ ಹಿಂದಕ್ಕೇ ಹಾಕುವುದು, ಮುಂದಕ್ಕೆ ಯಾವತ್ತೂ ಇಲ್ಲ. ಹಿಂದೆ ನಾಲ್ಕಿರುತ್ತವೆ, ಒಂದು ಹೋದರೆ ಉಳಿದವು ಹಿಡಿಯುತ್ತವೆ. ಮುಂದಿನದು ಹೋದರೆ ಸ್ಟಿಯರಿಂಗೇ ಹೋದ ಹಾಗೆ. ಇದನ್ನು ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ನೂರು ಸಲ ಕೇಳಿದ್ದೆ. ಮನೆಯ ಮಾತು ಎಷ್ಟು ಬೇಗ ಕಿವಿಯಿಂದ ಜಾರುತ್ತದೋ.

ಎರಡೂ ಬದಲಿಸುವುದು ಅಂದಾಗ ಯಾವುದು ಅನ್ನುವ ಪ್ರಶ್ನೆ ಬಂತು. ಆಫೀಸಿನ ಹುಡುಗರೆಲ್ಲ ಪಿರೆಲ್ಲಿ ಡಯಾಬ್ಲೊ ರೊಸ್ಸೊ ಅಂದರು. ಒಳ್ಳೆಯ ಟೈರು, ಸಂಶಯವಿಲ್ಲ. ಆದರೆ ಸ್ಪೋರ್ಟ್ ಟೈರುಗಳ ಸ್ವಭಾವವೇ ಬೇರೆ. ಅವು ಬಿಸಿಯಾದಾಗ ರಸ್ತೆಗೆ ಅಂಟುತ್ತವೆ. ಒಂದನೇ ಗೇರಿನಲ್ಲಿ ತೆವಳುವ ಹಿಂಜೆವಾಡಿಯಲ್ಲಿ ಬಿಸಿಯಾಗುವುದು ನನ್ನ ತೊಡೆ ಮಾತ್ರ. ನನಗೆ ಬೇಕಿದ್ದದ್ದು ತಣ್ಣಗಿದ್ದಾಗಲೂ, ಒದ್ದೆಯಲ್ಲೂ ಹಿಡಿಯುವಂಥದ್ದು, ಊರಿಗೆ ಹೋಗಿ ಬಂದರೆ ನಡು ಕರಗದಂಥದ್ದು. ಸ್ಪೋರ್ಟ್ ಟೂರಿಂಗ್ ಅನ್ನುವ ಜಾತಿ ಇದಕ್ಕೇ ಇರುವುದು. ರಬ್ಬರಿನಲ್ಲಿ ಸಿಲಿಕಾ ಹೆಚ್ಚು, ನೀರು ಹೊರದಬ್ಬಲು ಗೆರೆಯೂ ಹೆಚ್ಚು, ಕೆಲವದರಲ್ಲಿ ನಡುವಿಗೆ ಗಟ್ಟಿ ರಬ್ಬರು, ಅಂಚಿಗೆ ಮೆತ್ತನೆಯದು. ಮಿಶೆಲಿನ್ ರೋಡ್ 5ರ ಜೋಡಿ ಆರಿಸಿದೆ. ನಮ್ಮ ದೇಶದ ಕಂಪನಿಗಳೂ ಈಗ ಈ ಅಳತೆಯ ರೇಡಿಯಲ್ ಮಾಡುತ್ತವೆ, ಬೆಲೆಯೂ ಕಡಿಮೆ. ನನ್ನ ತಲೆಯಲ್ಲಿ ಆ ಟ್ಯಾಂಕರ್ ಕೂತಿರದಿದ್ದರೆ ಅದನ್ನೇ ತಗೊಳ್ಳುತ್ತಿದ್ದೆನೇನೋ.

ಜೋಡಿಗೆ 19,000ದ ಹತ್ತಿರ. ಇಷ್ಟು ದುಡ್ಡನ್ನು ಹೇಳದೆ ಖರ್ಚು ಮಾಡುವ ಮನೆಯಲ್ಲ ನಮ್ಮದು.

"ಹತ್ತೊಂಬತ್ತು ಸಾವಿರ ಯಾಕ್ರಿ? ಒಂದ ಹಾಕಸ್ತೀನಿ ಅಂದಿದ್ರಿ" ಅಂದಳು ಹೆಂಡತಿ.

ಹೇಳಲೇಬೇಕಾಯಿತು. ಬೋಗದೆ, ಮಳೆ, ಟ್ಯಾಂಕರ್, ಎಲ್ಲ. ಬಹಳ ಹೊತ್ತು ಮಾತಾಡಲಿಲ್ಲ. ಗಾಡಿ ಮಾರಿಬಿಡ್ರಿ ಅನ್ನುತ್ತಾಳೆ ಅಂತ ಕಾದೆ. "ಎರಡೂ ಹಾಕಸ್ರಿ. ಆದ್ರ ಇನ್ನೊಮ್ಮೆ ಮುಚ್ಚಿಟ್ರ ನೋಡ್ರಿ ಮತ್ತ" ಅಂದು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ನಾನೇ ಬಡಿಸಿಕೊಂಡೆ.

ಟೈರು ಹಾಕಿಸಿದ್ದು ಮಷೀನ್ ಇರುವ ಅಂಗಡಿಯಲ್ಲಿ. ಸಬ್ಬಲಿನಲ್ಲಿ ಎತ್ತಿ ತೆಗೆಯುವ ಪಂಚರ್ ಅಂಗಡಿಯಲ್ಲಿ ಅಲಾಯ್ ರಿಮ್ಮಿನ ಅಂಚು ಕಿತ್ತುಹೋಗುತ್ತದೆ. ತಿರುಗುವ ದಿಕ್ಕಿನ ಬಾಣ ಸರಿಯಿದೆಯೇ ನೋಡಿದೆ, ಬ್ಯಾಲೆನ್ಸ್ ಮಾಡಿಸಿದೆ. ಹೊಸ ಟೈರಿನ ಮೇಲ್ಮೈ ನುಣುಪು, ಮೊದಲ ನೂರು ಕಿಲೋಮೀಟರ್ ಹುಷಾರು ಅಂತ ಹುಡುಗ ಹೇಳಿದ. ನಾನು ಇನ್ನೂರು ಕಿಲೋಮೀಟರ್ ಮದುಮಗಳನ್ನು ಕರೆತರುವ ಹಾಗೆ ಓಡಿಸಿದೆ.

ಆಗಸ್ಟಿನಲ್ಲಿ ಪಂಚಮಿಗೆ ಊರಿಗೆ ಹೋದೆ. ಕೊಲ್ಹಾಪುರದಿಂದ ಧಾರವಾಡದ ತನಕ ಜಿಟಿಜಿಟಿ ಮಳೆ. ಗಾಡಿ ಅಂಗಳದಲ್ಲಿ ನಿಲ್ಲಿಸಿ ರೇನ್‌ಕೋಟ್ ಬಿಚ್ಚುತ್ತಿದ್ದೆ. ತವರಿಗೆ ಬಂದಿದ್ದ ತಂಗಿ ಉಂಡಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳನ್ನು ದಾಟಿ ಹೊರಗೆ ಬಂದರು, ನನ್ನ ಮುಖವನ್ನೂ ನೋಡದೆ ಮುಂದಿನ ಗಾಲಿಯ ಹತ್ತಿರ ಕೂತು ಹೆಬ್ಬೆರಳಿನ ಉಗುರು ಒತ್ತಿದರು. ಗುರುತು ಮೂಡಿತು.

"ಹವಾ ಎಷ್ಟ ಹಾಕೀ?" ಅಂದರು.