ಮಳೆಗಾಲದ ಸಂಗ್ರಹವೂ ಜಾಡ್ಯಕಾಲದ ಸಂಗ್ರಹವೂ

ಒಂಭತ್ತನೆಯ ತರಗತಿಯ ಹುಡುಗಿಯರಿಗೆ ಗೃಹಕೃತ್ಯವನ್ನು ಕಲಿಸುವ ಕೆಲಸವನ್ನು ನಾನು ಮುಖ್ಯೋಪಾಧ್ಯಾಯಿನಿಯಾದ ಮೇಲೂ ಬಿಟ್ಟುಕೊಟ್ಟಿಲ್ಲ. ಲೆಕ್ಕಪತ್ರಗಳ ನಡುವೆ ವಾರಕ್ಕೆ ಎರಡು ಗಂಟೆಯಾದರೂ ಮಕ್ಕಳ ಮುಖವನ್ನು ನೋಡಬೇಕೆಂಬ ಆಶೆಯೇ ಇದಕ್ಕೆ ಕಾರಣ. ಆ ಪಾಠಗಳಲ್ಲಿ ಉಗ್ರಾಣದ ವಿಷಯವು ಬಂದಾಗ ಹುಡುಗಿಯರು ಆಕಳಿಸುವದು ವಾಡಿಕೆಯಾಗಿತ್ತು. ಅಕ್ಕಿಗೆ ಹುಳು ಬೀಳದಂತೆ ಬೇವಿನೆಲೆಯನ್ನು ಇಡಬೇಕು, ಬೇಳೆಯನ್ನು ಬಿಸಿಲಿಗೆ ಹಾಕಬೇಕು, ಹಳೆಯದು ಮುಗಿಯುವ ತನಕ ಹೊಸದನ್ನು ತೆರೆಯಬಾರದು ಎಂಬ ಮಾತುಗಳಲ್ಲಿ ಹದಿನಾಲ್ಕು ವರುಷದವರಿಗೆ ಏನು ರುಚಿ? ಆದರೆ 2020ನೆಯ ಇಸವಿಯಲ್ಲಿ ಕೊರೋನಾ ಜಾಡ್ಯವು ನಮ್ಮ ದೇಶವನ್ನು ಹೊಕ್ಕು, ಅಂಗಡಿ ಬೀದಿಗಳು ಮುಚ್ಚಿ ತೆರೆದ ಬಳಿಕ, ಈ ಪಾಠದ ಹೊತ್ತಿನಲ್ಲಿ ತರಗತಿಯು ಎಚ್ಚತ್ತೇ ಕೂತಿರುತ್ತಿತ್ತು. ಆ ದಿನಗಳಲ್ಲಿ ಜನರು ಸಾಮಾನುಗಳನ್ನು ಕೂಡಿಟ್ಟ ರೀತಿಯನ್ನು ಕುರಿತು ನನ್ನ ಮನಸ್ಸಿಗೆ ತೋರಿದ್ದನ್ನು ಇಲ್ಲಿ ಬರೆಯುತ್ತೇನೆ.

ಸಂಗ್ರಹಿಸುವದು ಕರಾವಳಿಯ ಮನೆಗಳಿಗೆ ಹೊಸ ವಿದ್ಯೆಯಲ್ಲ. ಜೂನಿನಿಂದ ಸೆಪ್ಟೆಂಬರಿನ ವರೆಗೆ ಸುರಿಯುವ ಮಳೆಯಲ್ಲಿ ಹೊಳೆ ದಾಟಿ ಪೇಟೆಗೆ ಹೋಗುವದೇ ಕಷ್ಟವಾಗಿದ್ದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಎಪ್ರಿಲ್ ಮೇ ತಿಂಗಳುಗಳಲ್ಲಿಯೇ ನಾಲ್ಕು ತಿಂಗಳ ಊಟವನ್ನು ಮನೆಯೊಳಗೆ ತಂದಿಡುತ್ತಿದ್ದರು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಕುಚ್ಚಲಕ್ಕಿಯ ಮುಡಿಗಳು ಅಟ್ಟದ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಒಂದು ಮುಡಿಗೆ 3 ಕಳಸೆ, ಒಂದು ಕಳಸೆಗೆ 14 ಸೇರು. ಮಾಡಿನ ಜಂತಿಯಿಂದ ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿಗಳು ತೂಗುತ್ತಿದ್ದವು. ಹಲಸಿನ ಸೊಳೆಯು ಉಪ್ಪಿನ ಭರಣಿಯಲ್ಲಿಯೂ, ಹಲಸಿನ ಬೀಜವು ಕೆಮ್ಮಣ್ಣಿನ ಲೇಪದೊಳಗೂ, ಮಾವಿನ ಮಿಡಿಯು ಖಾರದಲ್ಲಿಯೂ ಮಳೆಯನ್ನು ಕಾದಿರುತ್ತಿದ್ದವು. ಒಣಮೀನು, ಹುಣಸೆಹಣ್ಣು, ಬೆಲ್ಲ, ಸೌದೆ ಇವೆಲ್ಲಕ್ಕೂ ತಕ್ಕ ಸ್ಥಳವಿತ್ತು. ನನ್ನ ಅಜ್ಜಿಯವರು ಹಪ್ಪಳಗಳನ್ನು ನೂರು ನೂರಾಗಿ ಎಣಿಸಿ ಕಟ್ಟಿಡುತ್ತಿದ್ದರು. ಮಕ್ಕಳು ಕದ್ದರೆ ತಿಳಿಯಬೇಕೆಂಬದು ಅವರ ಉದ್ದೇಶ. ತಿಳಿಯುತ್ತಲೂ ಇತ್ತು.

ಈ ಸಂಗ್ರಹದಲ್ಲಿ ಗಮನಿಸತಕ್ಕ ಒಂದು ಗುಣವುಂಟು. ಪದಾರ್ಥವು ಯಾವಾಗ ಹೇರಳವಾಗಿ ಬೆಳೆದು ಬೀದಿಗೆ ಬರುತ್ತಿತ್ತೋ ಆಗಲೇ ಅದನ್ನು ಕೊಳ್ಳುತ್ತಿದ್ದರು. ಮರದಡಿಯಲ್ಲಿ ಹಣ್ಣಾಗಿ ಬಿದ್ದು ಕೊಳೆಯುವ ಹಲಸನ್ನು ಒಬ್ಬಳು ತಂದು ಸೊಳೆ ಬಿಡಿಸಿದರೆ ನೆರೆಮನೆಯವಳಿಗೆ ಕಡಿಮೆಯಾಗುವದೇನು? ಸೌತೆಕಾಯಿ ಬೆಳೆದವನೂ ಮೀನು ಒಣಗಿಸಿದವಳೂ ಆ ದಿನಗಳಲ್ಲಿ ಕೊಳ್ಳುವವರನ್ನು ಹುಡುಕುತ್ತಾ ಬರುತ್ತಿದ್ದರು. ಅದೂ ಅಲ್ಲದೆ ಆ ಉಗ್ರಾಣದಲ್ಲಿ ಹಣಕ್ಕಿಂತ ಹೆಂಗಸರ ಕೈಕೆಲಸವೇ ಹೆಚ್ಚು ತುಂಬಿರುತ್ತಿತ್ತು.

2020ರ ಮಾರ್ಚ್ ತಿಂಗಳಲ್ಲಿ ನಾನು ಕಂಡದ್ದು ಬೇರೆ ತರದ್ದು. 22ನೆಯ ತಾರೀಕು ಆದಿತ್ಯವಾರ ದೇಶವೆಲ್ಲವೂ ಒಂದು ದಿನದ ಮಟ್ಟಿಗೆ ಮನೆಯೊಳಗೆ ಇದ್ದಿತು. 24ನೆಯ ತಾರೀಕು ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಮಾತಾಡಿ, ಆ ಮಧ್ಯರಾತ್ರಿಯಿಂದ 21 ದಿನಗಳ ತನಕ ಯಾರೂ ಮನೆಯಿಂದ ಹೊರಡಕೂಡದೆಂದು ತಿಳಿಸಿದರು. ಅವಶ್ಯ ವಸ್ತುಗಳು ಸಿಕ್ಕುವವೆಂಬ ಭರವಸೆಯನ್ನು ಸರಕಾರವು ಅದೇ ರಾತ್ರಿ ಕೊಟ್ಟಿತು. ಆದರೆ ಅದನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ನಮ್ಮ ಶಾಲೆಯ ಬಾಗಿಲಿನೆದುರು ಇರುವ ಜೀನಸಿನ ಅಂಗಡಿಯಲ್ಲಿ ಅರ್ಧ ಗಂಟೆಯೊಳಗೆ ಜಾತ್ರೆ ನೆರೆಯಿತು. ಕಾರಿನಲ್ಲಿ ಬಂದವರು ಅಕ್ಕಿಯ ಚೀಲಗಳನ್ನೇ ಎತ್ತಿಸಿಕೊಂಡು ಹೋದರು. ಗೋಧಿಹಿಟ್ಟು, ಎಣ್ಣೆ, ಸಾಬೂನು, ನೀರುಳ್ಳಿ ಮುಗಿದವು. ಒಬ್ಬನು ಎರಡು ಕೈಗಳಲ್ಲಿಯೂ ಬೆಂಕಿಪೆಟ್ಟಿಗೆಯ ಕಟ್ಟುಗಳನ್ನು ಹಿಡಿದು ಹೋಗುವದನ್ನು ಕಂಡೆನು. ಅವನ ಮನೆಯಲ್ಲಿ ಗ್ಯಾಸಿನ ಒಲೆ ಇರುವದನ್ನು ನಾನು ಬಲ್ಲೆ. ಆಸ್ಟ್ರೇಲಿಯಾ ದೇಶದಲ್ಲಿ ಅದೇ ತಿಂಗಳ ಆರಂಭದಲ್ಲಿ ಜನರು ಶೌಚದ ಕಾಗದಕ್ಕಾಗಿ ಅಂಗಡಿಗಳಲ್ಲಿ ಹೊಡೆದಾಡಿದ್ದನ್ನು ಚಿತ್ರದಲ್ಲಿ ನೋಡಿ ನಮ್ಮ ಹುಡುಗಿಯರು ಹೊಟ್ಟೆ ಹಿಡಿದು ನಕ್ಕಿದ್ದರು. ಆ ಕಾಗದದ ಸುರುಳಿಯು ಗಾತ್ರದಲ್ಲಿ ದೊಡ್ಡದು. ಹತ್ತು ಮಂದಿ ಕೊಂಡರೆ ಕಪಾಟು ಬರಿದಾಗಿ ಕಾಣುತ್ತದೆ, ಬರಿದಾದ ಕಪಾಟನ್ನು ನೋಡಿದ ಹನ್ನೊಂದನೆಯವನು ಹೆದರುತ್ತಾನೆ. ಇದೇ ಭಯವು ಮೂರು ವಾರಗಳ ಬಳಿಕ ನಮ್ಮ ಬೀದಿಗೆ ಬಂದಾಗ ನಗುವವರು ಇರಲಿಲ್ಲ.

ಧಾನ್ಯಕ್ಕೆ ಆಗ ನಿಜವಾಗಿ ಕೊರತೆ ಇತ್ತೇ? ಇರಲಿಲ್ಲ. ಸರಕಾರದ ಕಣಜಗಳಲ್ಲಿ ಆ ತಿಂಗಳು ಅಕ್ಕಿಯೂ ಗೋಧಿಯೂ ಕೂಡಿ 5 ಕೋಟಿ ಟನ್ನುಗಳಿಗಿಂತ ಹೆಚ್ಚು ಇದ್ದವು. ಮಾರ್ಚ್ 26ರಂದು ಸಾರಲ್ಪಟ್ಟ ಯೋಜನೆಯ ಪ್ರಕಾರ ಪಡಿತರ ಚೀಟಿಯುಳ್ಳ ಬಡವರಿಗೆ ಮೂರು ತಿಂಗಳ ಕಾಲ ತಲೆಗೆ 5 ಕಿಲೋ ಧಾನ್ಯವೂ ಮನೆಗೆ 1 ಕಿಲೋ ಬೇಳೆಯೂ ಧರ್ಮಾರ್ಥವಾಗಿ ದೊರೆಯತಕ್ಕದ್ದಾಗಿತ್ತು. ಕೊರತೆಯಾದದ್ದು ಸಾಗಿಸುವವರಿಗೆ: ಲಾರಿಗಳು ದಾರಿಯಲ್ಲಿ ನಿಂತವು, ಮೂಟೆ ಹೊರುವವರು ಊರಿಗೆ ಹೋದರು. ಅದರ ಮೇಲೆ ನಮ್ಮ ಆತುರವು ಸೇರಿತು. ಇದನ್ನು ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಹೀಗೆ ಬರೆದು ತೋರಿಸುವೆನು. ಒಂದು ಅಂಗಡಿಗೆ 100 ಮನೆಗಳು. ಒಂದೊಂದು ಮನೆಗೆ ವಾರಕ್ಕೆ 5 ಕಿಲೋ ಅಕ್ಕಿ. ಆದುದರಿಂದ ಅಂಗಡಿಯವನು 500 ಕಿಲೋ ಇಟ್ಟಿರುತ್ತಾನೆ. ಮೊದಲು ಓಡಿಬಂದ 25 ಮನೆಯವರು ತಿಂಗಳಿಗೆಂದು 20 ಕಿಲೋ ಪ್ರಕಾರ ಕೊಂಡರೆ ಅಂಗಡಿಯು ಬರಿದು. ಒಬ್ಬರೂ ಕದಿಯಲಿಲ್ಲ, ಒಬ್ಬರೂ ತಮ್ಮ ಮನೆಗೆ ಬೇಕಾದದ್ದಕ್ಕಿಂತ ಹೆಚ್ಚು ಉಣ್ಣಲಿಲ್ಲ. ಆದಾಗ್ಯೂ 75 ಮನೆಗಳಲ್ಲಿ ಆ ವಾರ ಅಕ್ಕಿ ಇಲ್ಲ.

ಈ ಲೆಕ್ಕವನ್ನು ಬರೆದ ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿಯು ಎದ್ದು, “ಟೀಚರ್, ನಮ್ಮಪ್ಪನಿಗೆ ಸಾಯಂಕಾಲ ಕೂಲಿ ಸಿಕ್ಕಿದ ಮೇಲೆ ರಾತ್ರಿಗೆ ಅಕ್ಕಿ ತರುತ್ತಾರೆ. ನಾವು ಸಂಗ್ರಹಿಸುವದು ಯಾವಾಗ?” ಎಂದು ಕೇಳಿದಳು. ಗೃಹಕೃತ್ಯದ ಪುಸ್ತಕಗಳನ್ನು ಬರೆಯುವವರು ಇಂಥವಳ ಮನೆಯನ್ನು ನೋಡಿದವರಲ್ಲವೆಂದು ನನಗೆ ತೋರುತ್ತದೆ. ಉಳ್ಳವನು ತಿಂಗಳಿಗೆ ಕೊಳ್ಳುವ ರಾತ್ರಿಯಲ್ಲಿಯೇ ಅವಳ ತಂದೆಯ ಕೂಲಿಯು ನಿಂತುಹೋಗಿತ್ತು.

ಆ ರಾತ್ರಿ ನಮ್ಮ ಬೋರ್ಡಿಂಗಿನಲ್ಲಿ ಹನ್ನೊಂದು ಮಂದಿ ಹುಡುಗಿಯರು ಉಳಿದಿದ್ದರು. ಮಾರ್ಚ್ 27ಕ್ಕೆ ಆರಂಭವಾಗಬೇಕಾಗಿದ್ದ ಹತ್ತನೆಯ ತರಗತಿಯ ಪರೀಕ್ಷೆಯು 22ರಂದು ಮುಂದೂಡಲ್ಪಟ್ಟಿತು. ಎರಡು ದಿನಗಳೊಳಗೆ ಬಸ್ಸುಗಳೂ ನಿಂತವು. ಘಟ್ಟದ ಮೇಲಿನ ಈ ಮಕ್ಕಳನ್ನು ಕರೆದುಕೊಂಡು ಹೋಗಲು ಅವರ ಮನೆಯವರಿಂದ ಆಗಲಿಲ್ಲ. ಉಗ್ರಾಣದಲ್ಲಿ ಬೋರ್ಡಿಂಗಿನ ಎಲ್ಲಾ ಹುಡುಗಿಯರಿಗೆಂದು ತರಿಸಿದ್ದ ಅಕ್ಕಿಯಲ್ಲಿ 600 ಕಿಲೋ ಮಿಕ್ಕಿತ್ತು. ಮೂರು ದಿನಗಳೊಳಗೆ ನಮ್ಮ ಬಾಗಿಲಿಗೆ ಹಗಲು ಶಾಲೆಯ ಹುಡುಗಿಯರ ತಾಯಂದಿರು ಬರತೊಡಗಿದರು. ಬೀಡಿ ಕಟ್ಟುವವರಿಗೆ ಎಲೆಯೂ ಹೊಗೆಸೊಪ್ಪೂ ಬರುತ್ತಿರಲಿಲ್ಲ. ದೋಣಿಗಳು ಕಡಲಿಗೆ ಇಳಿಯುತ್ತಿರಲಿಲ್ಲ.

ಬೋರ್ಡಿಂಗಿನ ಮೇಟ್ರನ್ ಅಮ್ಮನವರು ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ತೆಗೆಯಲು ಒಪ್ಪಲಿಲ್ಲ. “ಟೀಚರೇ, ಪರರ ಮಕ್ಕಳು ನಮ್ಮ ಕೈಯಲ್ಲಿದ್ದಾರೆ. ನಾಳೆ ಅಂಗಡಿ ತೆರೆಯದೆ ಹೋದರೆ ಇವರ ತಾಯಂದಿರಿಗೆ ನೀವು ಏನು ಹೇಳುತ್ತೀರಿ?” ಎಂದರು. ಐಗುಪ್ತದಲ್ಲಿ ಯೋಸೇಫನು ಏಳು ವರುಷ ಐದನೆಯ ಒಂದು ಪಾಲನ್ನು ಕೂಡಿಟ್ಟದ್ದರಿಂದಲ್ಲವೇ ಜನರು ಬದುಕಿದ್ದು ಎಂದೂ ಕೇಳಿದರು. ಅದು ನಿಜವೇ. ಆದರೆ ಕ್ಷಾಮ ಬಂದಾಗ ಅದೇ ಜನರು ಆ ಧಾನ್ಯಕ್ಕಾಗಿ ಮೊದಲು ಹಣವನ್ನೂ ಆಮೇಲೆ ದನಗಳನ್ನೂ ಕಡೆಗೆ ಹೊಲಗಳನ್ನೂ ಕೊಟ್ಟರೆಂಬದನ್ನು ನಾವು ಮಕ್ಕಳಿಗೆ ಅಷ್ಟು ವಿವರವಾಗಿ ಹೇಳುವದಿಲ್ಲ. ಮೇಟ್ರನ್ ಅಮ್ಮನವರ ಭಯವನ್ನು ನಾನು ಹಗುರವಾಗಿ ಎಣಿಸಲಿಲ್ಲ; ಜವಾಬ್ದಾರಿಯುಳ್ಳವರಿಗೆ ಭಯವಿರಲೇಬೇಕು. ಆದುದರಿಂದ ಭಯಕ್ಕೆ ಒಂದು ಅಳತೆಯನ್ನು ಕಟ್ಟೋಣವೆಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹುಡುಗಿಯರು 11, ದೊಡ್ಡವರು 3. ದಿನಕ್ಕೆ ತಲೆಗೆ 400 ಗ್ರಾಮು. 60 ದಿನಗಳಿಗೆ 336 ಕಿಲೋ. ಅದನ್ನು ಬೇರೆ ಇಟ್ಟು ಅವರೇ ಬೀಗ ಹಾಕಿದರು. ಉಳಿದ 264 ಕಿಲೋವನ್ನು 22 ಮನೆಗಳಿಗೆ 12 ಕಿಲೋ ಪ್ರಕಾರ ಅಳೆದುಕೊಟ್ಟೆವು. ಅಳೆದವರೂ ಮೇಟ್ರನ್ ಅಮ್ಮನವರೇ. ಒಂದು ಹಿಡಿಯೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಆ ಮನೆಗಳವರಿಗೆ ಸರಕಾರದ ಅಕ್ಕಿಯು ಬರುವ ವರೆಗೆ ಇದು ಸಾಕಾಯಿತು.

ಎಲ್ಲಾ ಜಾಡ್ಯಗಳೂ ಒಂದೇ ತರದ ಸಿದ್ಧತೆಯನ್ನು ಕೇಳುವದಿಲ್ಲವೆಂಬದನ್ನೂ ಇಲ್ಲಿ ಹೇಳಬೇಕು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಾಗ ಜನರು ತುಂಬಿದ ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲುಗಳಲ್ಲಿ ಮಲಗಿದರು. ಕೂಡಿಟ್ಟ ಧಾನ್ಯವು ಇಲಿಗಳನ್ನು ಕರೆಯುತ್ತದೆ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡರು. ಕೊರೋನಾದ ಕಾಲದಲ್ಲಿ ಕೈ ತೊಳೆಯುವದಕ್ಕೆ ಒಂದು ಸಾಬೂನು ಸಾಕಾಗಿತ್ತು. ಆ ವಿಷಾಣುವಿನ ಹೊರಪೊರೆಯು ಜಿಡ್ಡಿನದಾದ್ದರಿಂದ ಸಾಬೂನಿಗೆ ಅದು ಕರಗಿ ಒಡೆಯುತ್ತದೆ. ಆದರೂ ಜನರು ಕೈಗೆ ಹಚ್ಚುವ ಮದ್ಯಸಾರದ ಸೀಸೆಗಳಿಗೆ ಮುಗಿಬಿದ್ದದ್ದರಿಂದ, 200 ಮಿಲಿಲೀಟರಿಗೆ 100 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಸರಕಾರವು ಆಜ್ಞೆ ಮಾಡಬೇಕಾಯಿತು.

ಅಕ್ಕಿಯ ಸಂಗತಿಯನ್ನಾದರೂ ಕ್ಷಮಿಸಬಹುದು. ಮದ್ದಿನ ಸಂಗತಿಯು ನನ್ನನ್ನು ಇಂದಿಗೂ ನೋಯಿಸುತ್ತದೆ. ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಕೀಲುವಾತಕ್ಕಾಗಿ ಅನೇಕ ವರುಷಗಳಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆಯನ್ನು ದಿನವೂ ಸೇವಿಸುವವರು. ಅದು ಕೊರೋನಾವನ್ನು ತಡೆಯಬಹುದೆಂಬ ಮಾತು ಮಾರ್ಚ್ ತಿಂಗಳಲ್ಲಿ ಹಬ್ಬಿತು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರಬಾರದೆಂಬ ಬಿಗಿಯಾದ ಆಜ್ಞೆಯು 26ರಂದು ಬರುವಷ್ಟರಲ್ಲಿ ನಮ್ಮ ಊರಿನ ಮೂರು ಮದ್ದಿನ ಅಂಗಡಿಗಳಲ್ಲಿಯೂ ಅದು ಮುಗಿದಿತ್ತು. ಆರೋಗ್ಯವಂತರು ಕೊಂಡು ಕಪಾಟಿನಲ್ಲಿಟ್ಟಿದ್ದರು. ಇವರ ಚೀಟಿಯು ಕೈಯಲ್ಲಿತ್ತು, ಮಾತ್ರೆ ಇರಲಿಲ್ಲ. ಎಪ್ರಿಲ್ ತಿಂಗಳ ಬಹುಭಾಗ ಅವರ ಬೆರಳುಗಳು ಬಾತು, ಸೂಜಿಗೆ ದಾರ ಪೋಣಿಸುವದಿರಲಿ, ಸೀರೆಯ ನೆರಿಗೆ ಹಿಡಿಯುವದಕ್ಕೂ ಬೋರ್ಡಿಂಗಿನ ಒಬ್ಬ ಹುಡುಗಿಯು ಸಹಾಯಕ್ಕೆ ಹೋಗಬೇಕಾಯಿತು. ಆ ಮಾತ್ರೆಯಿಂದ ಆಸ್ಪತ್ರೆಯ ಕೊರೋನಾ ರೋಗಿಗಳಿಗೆ ಗುಣವಿಲ್ಲವೆಂದು ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಕೂಡಿಟ್ಟವರಿಗೆ ಅದರಿಂದ ಬಂದ ಲಾಭವು ಏನೂ ಇಲ್ಲ. ಒಂದು ಮನೆಯವರು ಆಮೇಲೆ ಆರು ಪಟ್ಟಿ ಮಾತ್ರೆಗಳನ್ನು ತಂದು, “ನಿಮಗೆ ಬೇಕಾದೀತೇನೋ” ಎಂದು ಅವರ ಜಗಲಿಯ ಮೇಲಿಟ್ಟು ಹೋದರು. ಅವರು ಉಪಕಾರ ಸ್ಮರಣೆಯಿಂದಲೇ ಅದನ್ನು ತಕ್ಕೊಂಡರು. ನಾನಾಗಿದ್ದರೆ ಒಂದು ಮಾತು ಆಡದೆ ಇರುತ್ತಿರಲಿಲ್ಲ.

ಎಪ್ರಿಲ್ ಕೊನೆಗೆ ನಮ್ಮ ಹಿತ್ತಲಿನ ಹಲಸಿನ ಮರಗಳು ಕಾಯಿ ತುಂಬಿ ನಿಂತವು. ಪ್ರತಿ ವರುಷ ಬಂದು ಕೊಂಡುಹೋಗುವ ವ್ಯಾಪಾರಿಯು ಆ ಸಲ ಬರಲಿಲ್ಲ. ಓದಿ ಓದಿ ಬೇಸತ್ತಿದ್ದ ಹುಡುಗಿಯರನ್ನು ಮೇಟ್ರನ್ ಅಮ್ಮನವರು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೈಗೆ ಎಣ್ಣೆ ಹಚ್ಚಿಸಿ, ಸೊಳೆ ಬಿಡಿಸಲು ಕೂರಿಸಿದರು. ಘಟ್ಟದ ಮೇಲಿನ ಒಬ್ಬಳಿಗೆ ನಮ್ಮ ಕೆಮ್ಮಣ್ಣಿನ ಬೀಜದ ಸಂಗತಿಯು ನಂಬಲಾಗದ ವಿನೋದವಾಗಿ ತೋರಿತು. ನಾಲ್ಕು ದೊಡ್ಡ ಭರಣಿಗಳಲ್ಲಿ ಸೊಳೆಯನ್ನು ಉಪ್ಪಿಗೆ ಹಾಕಿದರು. ಹಪ್ಪಳಗಳನ್ನು ನೂರು ನೂರಾಗಿ ಕಟ್ಟಿದರು. ಮೇ ತಿಂಗಳಲ್ಲಿ ಬಸ್ಸುಗಳು ಓಡತೊಡಗಿದಾಗ ಐವರು ಊರಿಗೆ ಹೋಗಿ, ಪರೀಕ್ಷೆಗೆಂದು ತಿರುಗಿ ಬಂದರು. ಜೂನ್ 25ರಿಂದ ಜುಲೈ ಮೊದಲ ವಾರದ ವರೆಗೆ ಸುರಿಯುವ ಮಳೆಯಲ್ಲಿ ಪರೀಕ್ಷೆ ನಡೆಯಿತು. ಬೆಳಿಗ್ಗೆ ಗಂಜಿಗೆ ಹುರಿದ ಹಪ್ಪಳ, ಮಧ್ಯಾಹ್ನ ಬಂದ ಮೇಲೆ ಉಪ್ಪು ಸೊಳೆಯ ಪಲ್ಯ. ಹಗಲು ಶಾಲೆಯ ಹುಡುಗಿಯರೂ ಕೂತು ಉಂಡರು. ಕಡೆಗೆ ಒಂದೂವರೆ ಭರಣಿ ಉಳಿಯಿತು. ಅದನ್ನು ಉಗ್ರಾಣದ ಪುಸ್ತಕಕ್ಕೆ ಏರಿಸುವಾಗ ಮೇಟ್ರನ್ ಅಮ್ಮನವರು ಕ್ರಯದ ಕಾಲಮಿನಲ್ಲಿ ಏನು ಬರೆಯೋಣವೆಂದು ಕೇಳಿದರು. ಉಪ್ಪಿನ ಕ್ರಯವನ್ನು ಬರೆಯಿರಿ ಎಂದೆನು.